ನಾಯಿಗಳ ಯಕೃತ್ತು ಮತ್ತು ಪೋಷಕ ದ್ರವ್ಯಗಳು: ಬಳಕೆಯ ವಿವೇಚನೆ

ಮನುಷ್ಯರ ಯಕೃತ್ತಿಗೆಂದು ಮಾರಾಟವಾಗುವ ಮಾತ್ರೆ, ಟಾನಿಕ್‌ಗಳಂತೆಯೇ ನಾಯಿಗಳಿಗೆಂದು ತಯಾರಾದ ಪೋಷಕ ದ್ರವ್ಯಗಳೂ ಇಂದು ನಮ್ಮ ಪೇಟೆಗಳಲ್ಲಿ ಸುಲಭವಾಗಿ ದೊರೆಯುತ್ತವೆ. ಇವುಗಳಲ್ಲಿ ಹೆಚ್ಚಿನವನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದು. ಸಾಕಿದ ನಾಯಿ ಆಹಾರವನ್ನು ಬಿಟ್ಟು, ವಾಂತಿ ಮಾಡಿ, ಅದರ ಕಣ್ಣು ಹಾಗೂ ಒಸಡುಗಳು ಹಳದಿಯಾದುವೆಂದರೆ, ಕಾಮಣಿಯಾಗಿದೆಯೆಂದು ತೀರ್ಮಾನಿಸಿ ಇಂಥ ಒಂದು ಶೀಸೆಯನ್ನು ತಂದು ಕುಡಿಸುವ ರೂಢಿ ನಮ್ಮಲ್ಲಿ ಇದೆ. ಈ ದ್ರವ್ಯಗಳು ಏನನ್ನು ಮಾಡಬಲ್ಲವು, ಏನನ್ನು ಮಾಡಲಾರವು, ಯಾವ ಸಂದರ್ಭದಲ್ಲಿ ಅಪಾಯಕ್ಕೆ ಕಾರಣವಾಗುತ್ತವೆ ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಪ್ರಾಣಿಶಾಸ್ತ್ರ ಹಾಗೂ ಜೀವರಸಾಯನಶಾಸ್ತ್ರಗಳನ್ನು ಬೋಧಿಸುವವರಿಗೆ ಇದು ಮನೆಯಂಗಳದಲ್ಲಿಯೇ ದೊರೆಯುವ ಒಂದು ಉತ್ತಮ ಉದಾಹರಣೆಯೂ ಆಗಿದೆ.

೧. ಯಕೃತ್ತಿನ ಮೀಸಲು ಶಕ್ತಿ

ಯಕೃತ್ತು ರಕ್ತದ ಸಕ್ಕರೆಯನ್ನು ಹದದಲ್ಲಿಡುತ್ತದೆ, ಅಲ್ಬುಮಿನ್ ಮತ್ತು ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ನಿರ್ಮಿಸುತ್ತದೆ, ಕರುಳಿನಿಂದ ಬಂದ ಅಮೋನಿಯವನ್ನು ಯೂರಿಯವಾಗಿ ಮಾರ್ಪಡಿಸುತ್ತದೆ, ಪಿತ್ತರಸವನ್ನು ಸ್ರವಿಸುತ್ತದೆ, ಔಷಧಗಳನ್ನೂ ವಿಷಗಳನ್ನೂ ವಿಘಟಿಸಿ ಹೊರಹಾಕುತ್ತದೆ. ಇಷ್ಟೆಲ್ಲ ಹೊಣೆ ಹೊತ್ತ ಈ ಅಂಗಕ್ಕೆ ಮೀಸಲು ಶಕ್ತಿ ವಿಶೇಷವಾಗಿದೆ. ಇಲಿಗಳ ಯಕೃತ್ತಿನ ಮೂರರಲ್ಲಿ ಎರಡು ಪಾಲನ್ನು ಕತ್ತರಿಸಿ ತೆಗೆದರೂ ಉಳಿದ ಭಾಗ ಬೆಳೆದು ಮೊದಲಿನ ತೂಕಕ್ಕೆ ಸಮೀಪಿಸುವುದೆಂದು ಹಿಗಿನ್ಸ್ ಮತ್ತು ಆಂಡರ್ಸನ್ ಎಂಬ ವಿಜ್ಞಾನಿಗಳು ೧೯೩೧ರಲ್ಲಿ ತೋರಿಸಿದರು.

ಈ ಗುಣದಿಂದ ಎರಡು ಪರಿಣಾಮಗಳು ಉಂಟಾಗುತ್ತವೆ. ಮೊದಲನೆಯದಾಗಿ, ಯಕೃತ್ತಿನ ಬಹುಭಾಗ ಕೆಡುವವರೆಗೆ ರೋಗಲಕ್ಷಣಗಳು ಹೊರಗೆ ತೋರದಿರಬಹುದು. ಎರಡನೆಯದಾಗಿ, ಹಾನಿಯ ಕಾರಣ ತೊಲಗಿದರೆ ಯಕೃತ್ತು ಅನೇಕ ಸಲ ತನ್ನಷ್ಟಕ್ಕೆ ತಾನೇ ಚೇತರಿಸಿಕೊಳ್ಳುತ್ತದೆ. ಯಕೃತ್ತಿನ ಜೀವಕೋಶಗಳು ಒಡೆದಾಗ ಅಲನೀನ್ ಅಮೈನೊಟ್ರಾನ್ಸ್‌ಫರೇಸ್ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ನಾಯಿಯ ರಕ್ತದಲ್ಲಿ ಇದರ ಅರ್ಧಾಯುಷ್ಯ ಸುಮಾರು ಎರಡೂವರೆ ದಿನ. ಈ ಕಿಣ್ವದ ಪ್ರಮಾಣ ೮೦೦ ಘಟಕಗಳಿಗೆ ಏರಿದ್ದು, ಹೊಸದಾಗಿ ಸೋರುವುದು ನಿಂತಿತೆಂದು ಭಾವಿಸೋಣ. ಐದು ದಿನಗಳಲ್ಲಿ ಅದು ೨೦೦ಕ್ಕೂ, ಹತ್ತು ದಿನಗಳಲ್ಲಿ ಸುಮಾರು ೫೦ಕ್ಕೂ ಇಳಿಯುವುದು. ಆ ಹತ್ತು ದಿನಗಳಲ್ಲಿ ನಾಯಿಗೆ ಯಾವುದಾದರೊಂದು ಟಾನಿಕ್ ಕುಡಿಸಿದ್ದರೆ, ಗುಣವಾದ ಕೀರ್ತಿಯೆಲ್ಲ ಅದಕ್ಕೇ ಸಲ್ಲುವುದು ಸಹಜ. ಬರಿಯ ನೀರನ್ನು ಕುಡಿಸಿದ್ದರೂ ಇದೇ ಫಲ ದೊರೆಯುತ್ತಿತ್ತು. ಪೋಷಕ ದ್ರವ್ಯಗಳ ಬಗೆಗೆ ಕೇಳಿಬರುವ ಪ್ರಶಂಸೆಯನ್ನು ತೂಗಿನೋಡುವಾಗ ಈ ಲೆಕ್ಕವನ್ನು ಮರೆಯಬಾರದು.

೨. ಕಾಮಣಿಯ ನಾನಾ ಕಾರಣಗಳು

ಕಾಮಣಿಯು ಒಂದು ಲಕ್ಷಣ. ಅದರ ಹಿಂದೆ ಬೇರೆ ಬೇರೆ ರೋಗಗಳು ಅಡಗಿರುತ್ತವೆ. ಬಿಲಿರುಬಿನ್ ಎಂಬ ಹಳದಿ ವರ್ಣದ್ರವ್ಯ ರಕ್ತದಲ್ಲಿ ಹೆಚ್ಚುವುದಕ್ಕೆ ಮೂರು ದಾರಿಗಳಿವೆ. ಉಣ್ಣೆಗಳ ಮೂಲಕ ಹರಡುವ ಬಬೀಸಿಯ ಎಂಬ ಪರಾವಲಂಬಿ ಕೆಂಪು ರಕ್ತಕಣಗಳನ್ನು ಒಡೆದಾಗ ಯಕೃತ್ತು ಆರೋಗ್ಯವಾಗಿದ್ದರೂ ಕಣ್ಣು ಹಳದಿಯಾಗಬಹುದು. ಪಿತ್ತನಾಳ ಮುಚ್ಚಿಕೊಂಡರೆ ಪಿತ್ತರಸ ಹಿಂದಕ್ಕೆ ಸರಿದು ಇದೇ ಲಕ್ಷಣ ತೋರಬಹುದು. ಮೂರನೆಯದು ಯಕೃತ್ತಿನ ಜೀವಕೋಶಗಳಿಗೇ ತಟ್ಟುವ ಹಾನಿ. ಸ್ವೀಡನ್ನಿನ ರುಬಾರ್ತ್ ೧೯೪೭ರಲ್ಲಿ ವಿವರಿಸಿದ ಅಡಿನೊವೈರಸ್ ಸೋಂಕು ಈ ಬಗೆಯದು, ಇದಕ್ಕೆ ಲಸಿಕೆಯುಂಟು. ಮಳೆಗಾಲದಲ್ಲಿ ಇಲಿಗಳ ಮೂತ್ರ ಬೆರೆತ ನೀರಿನಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಕೂಡ ಇದೇ ವರ್ಗಕ್ಕೆ ಸೇರಿದೆ.

ಈ ಕೊನೆಯ ರೋಗದ ವಿಷಯದಲ್ಲಿ ವಿಳಂಬವು ಪ್ರಾಣಕ್ಕೆ ಎರವಾಗಬಹುದು. ಅದು ಯಕೃತ್ತನ್ನೂ ಮೂತ್ರಪಿಂಡಗಳನ್ನೂ ಒಟ್ಟಿಗೆ ಕೆಡಿಸುತ್ತದೆ. ತಕ್ಕ ಪ್ರತಿಜೈವಿಕ ಔಷಧವನ್ನು ಬೇಗ ಆರಂಭಿಸಿದರೆ ಅನೇಕ ನಾಯಿಗಳು ಉಳಿಯುತ್ತವೆ. ಟಾನಿಕ್ ಕುಡಿಸುತ್ತ ನಾಲ್ಕು ದಿನ ಕಳೆದರೆ ಆ ಅವಕಾಶ ತಪ್ಪಿಹೋಗುತ್ತದೆ. ಇದಲ್ಲದೆ, ರೋಗಗ್ರಸ್ತ ನಾಯಿಯ ಮೂತ್ರದಿಂದ ಮನೆಯವರಿಗೂ ಸೋಂಕು ತಗಲಬಹುದು. ಆದ್ದರಿಂದ ಹಳದಿ ಕಣ್ಣಿನ ನಾಯಿಯನ್ನು ಅಂದೇ ಪಶುವೈದ್ಯರಲ್ಲಿಗೆ ಒಯ್ಯುವುದು ನಾಯಿಯಷ್ಟೇ ಅಲ್ಲದೆ ಕುಟುಂಬದ ರಕ್ಷಣೆಗೂ ಅವಶ್ಯವಾದ ಕ್ರಮ.

ಆಹಾರದಿಂದ ಬರುವ ವಿಷವನ್ನೂ ಇಲ್ಲಿ ಹೇಳಬೇಕು. ೧೯೭೪ರಲ್ಲಿ ರಾಜಸ್ಥಾನದ ಬಾನ್ಸವಾಡಾ ಮತ್ತು ಗುಜರಾತಿನ ಪಂಚಮಹಲ ಜಿಲ್ಲೆಗಳ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳವನ್ನು ಉಂಡ ೩೯೭ ಜನರಿಗೆ ಕಾಮಣಿ ತಗಲಿ ೧೦೬ ಜನ ಮೃತರಾದರು. ಅದೇ ಆಹಾರವನ್ನು ತಿಂದ ನಾಯಿಗಳೂ ಹಾಗೆಯೇ ರೋಗಕ್ಕೆ ತುತ್ತಾದುವು. ಆಸ್ಪರ್ಜಿಲಸ್ ಶಿಲೀಂಧ್ರ ಉತ್ಪಾದಿಸುವ ಅಫ್ಲಟಾಕ್ಸಿನ್ ಇದಕ್ಕೆ ಕಾರಣವೆಂದು ಕಂಡುಬಂದಿತು. ಅಮೆರಿಕದಲ್ಲಿ ೨೦೦೫ರಲ್ಲಿ ಹಾಗೂ ೨೦೨೦ರಲ್ಲಿ ಇದೇ ವಿಷ ಬೆರೆತ ಸಿದ್ಧ ಆಹಾರದಿಂದ ಅನೇಕ ನಾಯಿಗಳು ಸತ್ತವು. ಗೋವಿನಜೋಳವನ್ನೂ ಶೇಂಗಾವನ್ನೂ ಬೆಳೆಯುವ ನಮ್ಮ ಭಾಗದಲ್ಲಿ ನಾಯಿಗೆ ನುಚ್ಚು, ರೊಟ್ಟಿಗಳನ್ನು ಹಾಕುವುದು ಸಾಮಾನ್ಯ. ಮನುಷ್ಯರು ಬೇಡವೆಂದು ಬದಿಗಿಟ್ಟ ಬೂಷ್ಟು ಹಿಡಿದ ಕಾಳು ನಾಯಿಯ ತಟ್ಟೆಗೆ ಹೋಗುವುದುಂಟು. ಬೇಯಿಸಿದ ಮಾತ್ರಕ್ಕೆ ಅಫ್ಲಟಾಕ್ಸಿನ್ ಪೂರ್ತಿಯಾಗಿ ನಾಶವಾಗದು. ಇಂಥ ಆಹಾರವನ್ನು ನಿಲ್ಲಿಸದೆ ಎಷ್ಟು ಪೋಷಕ ದ್ರವ್ಯವನ್ನು ಕೊಟ್ಟರೂ ಪ್ರಯೋಜನವಿಲ್ಲ.

೩. ಪರೀಕ್ಷೆಗೊಳಗಾದ ಕೆಲವು ದ್ರವ್ಯಗಳು

ಹೀಗೆಂದ ಮಾತ್ರಕ್ಕೆ ಪೋಷಕ ದ್ರವ್ಯಗಳೆಲ್ಲ ನಿರುಪಯುಕ್ತವೆಂದು ತಿಳಿಯಬಾರದು. ಎಸ್-ಅಡೆನೊಸಿಲ್ ಮೀಥಿಯೊನಿನ್ ಯಕೃತ್ತಿನಲ್ಲಿಯೇ ನಿರ್ಮಾಣವಾಗುವ ವಸ್ತು. ಜೀವಕೋಶಗಳನ್ನು ಉತ್ಕರ್ಷಣದ ಹಾನಿಯಿಂದ ಕಾಯುವ ಗ್ಲುಟಾಥಯೋನಿನ ಉತ್ಪತ್ತಿಗೆ ಇದು ನೆರವಾಗುತ್ತದೆ. ನಾಯಿಗೆ ದಿನಕ್ಕೆ ಒಂದು ಸಲ, ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು ೨೦ ಮಿಲಿಗ್ರಾಂ ಪ್ರಮಾಣದಲ್ಲಿ, ಬರಿಹೊಟ್ಟೆಯಲ್ಲಿ ಇದನ್ನು ಕೊಡುತ್ತಾರೆ. ಜಠರದ ಆಮ್ಲದಿಂದ ರಕ್ಷಿಸಲು ಮಾತ್ರೆಗೆ ವಿಶೇಷ ಲೇಪವಿರುವುದರಿಂದ ಅದನ್ನು ಮುರಿಯಲೂ ಪುಡಿಮಾಡಲೂ ಬಾರದು.

ಸಿಲಿಮರಿನ್ ಮೆಡಿಟರೇನಿಯನ್ ಪ್ರದೇಶದ ಒಂದು ಮುಳ್ಳುಗಿಡದ ಬೀಜದಿಂದ ದೊರೆಯುತ್ತದೆ. ಅಮಾನಿಟಾ ಎಂಬ ವಿಷದ ಅಣಬೆಯನ್ನು ತಿನ್ನಿಸಿದ ಬೀಗಲ್ ನಾಯಿಗಳ ಮೇಲೆ ನಡೆದು ೧೯೮೪ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇದರ ಮುಖ್ಯ ಘಟಕವಾದ ಸಿಲಿಬಿನಿನ್ ಪಡೆದವುಗಳಲ್ಲಿ ಒಂದೂ ಸಾಯಲಿಲ್ಲ. ಪಡೆಯದ ೧೨ರಲ್ಲಿ ೪ ಸತ್ತವು. ಫಲಿತಾಂಶ ಗಮನಾರ್ಹವೇ ಸರಿ. ಆದರೆ ಆ ಪ್ರಯೋಗದಲ್ಲಿ ವಿಷ ಯಾವುದೆಂಬುದು ತಿಳಿದಿತ್ತು, ಔಷಧವನ್ನು ರಕ್ತನಾಳದ ಮೂಲಕ ಗೊತ್ತಾದ ಸಮಯಕ್ಕೆ ಕೊಡಲಾಗಿತ್ತು. ಬಾಯಿಯಿಂದ ಕೊಟ್ಟ ಸಿಲಿಮರಿನ್ ಕರುಳಿನಲ್ಲಿ ಅಲ್ಪವಾಗಿಯೇ ಹೀರಲ್ಪಡುತ್ತದೆ. ಆದ್ದರಿಂದ ಆ ಪ್ರಯೋಗದ ಫಲವನ್ನು ಅಂಗಡಿಯ ಪ್ರತಿಯೊಂದು ಶೀಸೆಗೂ ಆರೋಪಿಸುವುದು ಯುಕ್ತವಲ್ಲ.

ಉರ್ಸೊಡಿಆಕ್ಸಿಕೋಲಿಕ್ ಆಮ್ಲವನ್ನು ಕೆಲವರು ಪೋಷಕ ದ್ರವ್ಯವೆಂದೇ ಎಣಿಸುತ್ತಾರೆ. ವಾಸ್ತವವಾಗಿ ಅದು ಔಷಧ. ಪಿತ್ತರಸದ ಹರಿವನ್ನು ಹೆಚ್ಚಿಸುವ ಇದನ್ನು ಪಿತ್ತನಾಳ ಪೂರ್ತಿ ಮುಚ್ಚಿದ್ದಾಗ ಕೊಡಬಾರದು. ನಾಳ ತೆರೆದಿದೆಯೋ ಮುಚ್ಚಿದೆಯೋ ಎಂಬುದು ಕಣ್ಣಿನ ಹಳದಿಯನ್ನು ನೋಡಿದರೆ ತಿಳಿಯುವುದಿಲ್ಲ; ಅದಕ್ಕೆ ಅಲ್ಟ್ರಾಸೌಂಡ್ ಪರೀಕ್ಷೆ ಬೇಕು.

೪. ನಾಡಮದ್ದುಗಳ ವಿಚಾರ

ನೆಲನೆಲ್ಲಿ ನಮ್ಮಲ್ಲಿ ಕಾಮಣಿಯ ಮದ್ದೆಂದು ಪ್ರಸಿದ್ಧವಾಗಿದೆ. ಮದ್ರಾಸಿನ ಸಂಶೋಧಕರು ೧೯೮೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಪಟೈಟಿಸ್-ಬಿ ವೈರಸ್ಸನ್ನು ಹೊತ್ತವರ ಪೈಕಿ ಈ ಸಸ್ಯವನ್ನು ಸೇವಿಸಿದ ಶೇಕಡಾ ೫೯ ಜನರ ರಕ್ತದಲ್ಲಿ ವೈರಸ್ಸಿನ ಗುರುತು ಕಾಣದಾಯಿತು. ಸೇವಿಸದವರಲ್ಲಿ ಇದು ಶೇಕಡಾ ೪ ಮಾತ್ರ. ಅನಂತರದ ಕೆಲವು ಅಧ್ಯಯನಗಳಲ್ಲಿ ಈ ಫಲ ದೃಢಪಡಲಿಲ್ಲ. ನಾಯಿಯ ವಿಷಯದಲ್ಲಂತೂ ಪ್ರಶ್ನೆಯೇ ಬೇರೆ. ನಾಯಿಯ ಯಕೃತ್ತಿಗೆ ತಗಲುವ ಅಡಿನೊವೈರಸ್ಸಿಗೂ ಮನುಷ್ಯರ ಹೆಪಟೈಟಿಸ್-ಬಿ ವೈರಸ್ಸಿಗೂ ಯಾವ ಸಂಬಂಧವೂ ಇಲ್ಲ.

ಅಮೃತಬಳ್ಳಿಯನ್ನು ಸೇವಿಸಿದ ಆರು ರೋಗಿಗಳಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು ೨೦೨೧ರಲ್ಲಿ ವರದಿಮಾಡಿದರು. ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ. ಈ ವಾದ ಹೇಗೇ ಇರಲಿ, ಸಸ್ಯಜನ್ಯವಾದುದೆಲ್ಲ ನಿರಪಾಯವೆಂಬ ನಂಬಿಕೆಗೆ ಆಧಾರವಿಲ್ಲ. ಆಸವ, ಅರಿಷ್ಟಗಳಲ್ಲಿ ಹುದುಗುವಿಕೆಯಿಂದ ಹುಟ್ಟಿದ ಮದ್ಯಸಾರವಿರುತ್ತದೆ. ಮನುಷ್ಯನಿಗೆ ಹೇಳಿದ ಎರಡು ಚಮಚ ಸಣ್ಣ ನಾಯಿಗೆ ಹೆಚ್ಚಾದೀತು. ೧೯೫೫ರಿಂದ ಬಳಕೆಯಲ್ಲಿರುವ ಲಿವ್.೫೨ ಎಂಬ ಹೆಸರುವಾಸಿ ಮಾತ್ರೆಯಲ್ಲಿ ಸಸ್ಯಗಳೊಡನೆ ಮಂಡೂರಭಸ್ಮವೆಂಬ ಕಬ್ಬಿಣದ ಸಂಯುಕ್ತವೂ ಇದೆ. ಶೀಸೆಯ ಮೇಲಿನ ಹೆಸರನ್ನಷ್ಟೇ ನೋಡದೆ ಘಟಕಗಳ ಪಟ್ಟಿಯನ್ನು ಓದಬೇಕೆಂಬುದಕ್ಕೆ ಇದು ನಿದರ್ಶನ.

೫. ಪಟ್ಟಿಯಲ್ಲಿ ಹುಡುಕಬೇಕಾದ ಘಟಕಗಳು

ತಾಮ್ರ: ಬೆಡ್ಲಿಂಗ್ಟನ್ ಟೆರಿಯರ್ ತಳಿಯಲ್ಲಿ ತಾಮ್ರ ಯಕೃತ್ತಿನಲ್ಲಿ ಶೇಖರವಾಗಿ ರೋಗ ಹುಟ್ಟುತ್ತದೆ, ಇದಕ್ಕೆ ಕಾರಣವಾದ ಜೀನಿನ ದೋಷ ೨೦೦೨ರಲ್ಲಿ ಪತ್ತೆಯಾಯಿತು. ನಮ್ಮ ಊರುಗಳಲ್ಲಿ ಬಹುವಾಗಿ ಸಾಕುವ ಲ್ಯಾಬ್ರಡಾರ್ ತಳಿಯಲ್ಲಿಯೂ ಇಂಥ ರೋಗವುಂಟು. ಇಂಥ ನಾಯಿಗೆ ತಾಮ್ರ ಬೆರೆತ ಖನಿಜ ಟಾನಿಕ್ಕನ್ನಾಗಲಿ, ಅಂಗಡಿಯವರು ಕಲೇಜಿ ಎನ್ನುವ ಕುರಿಯ ಯಕೃತ್ತನ್ನಾಗಲಿ ಕೊಡುವುದು ಉರಿಯುವ ಬೆಂಕಿಗೆ ಎಣ್ಣೆ ಹೊಯ್ದಂತೆ.

ಮೀಥಿಯೊನಿನ್: ಅನೇಕ ಯಕೃತ್ತಿನ ಟಾನಿಕ್‌ಗಳಲ್ಲಿ ಈ ಅಮೈನೊ ಆಮ್ಲವಿದೆ. ಯಕೃತ್ತು ತೀರ ದುರ್ಬಲವಾದ ನಾಯಿ ಊಟದ ಬಳಿಕ ಮಂಕಾಗುವುದು, ಸುತ್ತು ತಿರುಗುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು ಮುಂತಾದ ಮಿದುಳಿನ ಲಕ್ಷಣಗಳನ್ನು ತೋರುತ್ತದೆ. ಆ ಸ್ಥಿತಿಯಲ್ಲಿ ಮೀಥಿಯೊನಿನ್ ಈ ಲಕ್ಷಣಗಳನ್ನು ಉಲ್ಬಣಗೊಳಿಸಬಹುದು.

ಜೈಲಿಟಾಲ್: ಸಕ್ಕರೆರಹಿತವೆಂದು ಮಾರುವ ಕೆಲವು ಪಾನಕ, ಮಾತ್ರೆಗಳಲ್ಲಿ ಈ ಸಿಹಿವಸ್ತು ಇರುತ್ತದೆ. ಮನುಷ್ಯರಿಗೆ ಇದು ಬಾಧಕವಲ್ಲ. ನಾಯಿಯಲ್ಲಿ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು ೦.೧ ಗ್ರಾಂ ಜೈಲಿಟಾಲ್ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲುದು, ೦.೫ ಗ್ರಾಂ ಮೀರಿದರೆ ಯಕೃತ್ತೇ ನಾಶವಾಗುವ ಸಂಭವವಿದೆ. ಹತ್ತು ಕಿಲೋಗ್ರಾಂ ತೂಗುವ ನಾಯಿಗೆ ಒಂದು ಗ್ರಾಂ ಸಹ ಕೆಡುಕೆಂದಾಯಿತು.

೬. ಅನುಸರಿಸತಕ್ಕ ಕ್ರಮ

ಮೇಲಿನ ವಿವೇಚನೆಯಿಂದ ಕೆಲವು ನಿಯಮಗಳು ಹೊರಡುತ್ತವೆ. ರಕ್ತಪರೀಕ್ಷೆಯಾಗಿ ಕಾರಣದ ಸುಳಿವು ದೊರೆತ ಮೇಲೆಯೇ ಪೋಷಕ ದ್ರವ್ಯದ ಮಾತು. ಪರೀಕ್ಷೆಯ ಅಂಕಿಗಳನ್ನು ಓದುವಾಗಲೂ ಎಚ್ಚರ ಬೇಕು. ಸ್ಟೀರಾಯ್ಡ್ ಪಡೆಯುತ್ತಿರುವ ನಾಯಿಯಲ್ಲಿ ಆಲ್ಕಲೈನ್ ಫಾಸ್ಫಟೇಸ್, ಅಪಸ್ಮಾರಕ್ಕೆ ಫೀನೊಬಾರ್ಬಿಟಾಲ್ ಪಡೆಯುವ ನಾಯಿಯಲ್ಲಿಯೂ ಅದೇ ಕಿಣ್ವ, ಔಷಧದ ಪ್ರಭಾವದಿಂದಲೇ ಏರುವುದುಂಟು. ನಾಯಿಗೆ ಕೊಡುತ್ತಿರುವ ಎಲ್ಲ ಔಷಧಗಳನ್ನೂ ಮನೆಮದ್ದುಗಳನ್ನೂ ವೈದ್ಯರಿಗೆ ಹೇಳಬೇಕು. ಜ್ವರವೆಂದು ಪ್ಯಾರಾಸಿಟಮಾಲ್ ನುಂಗಿಸಿದ್ದರೆ ಅದನ್ನು ಮುಚ್ಚಿಡಕೂಡದು. ಯಕೃತ್ತು ಕೆಡಲು ಅದೇ ಕಾರಣವಾಗಿರಬಹುದು.

ಪ್ರಮಾಣವನ್ನು ತೂಕದ ಮೇಲೆ ನಿರ್ಧರಿಸಬೇಕು. ೨೨ ಕಿಲೋಗ್ರಾಂ ತೂಗುವ ಮುಧೋಳ ನಾಯಿಗೆ ಎಸ್-ಅಡೆನೊಸಿಲ್ ಮೀಥಿಯೊನಿನ್ ೪೪೦ ಮಿಲಿಗ್ರಾಂ ಆದರೆ, ೫ ಕಿಲೋಗ್ರಾಮಿನ ಪೊಮೆರೇನಿಯನ್ ನಾಯಿಗೆ ೧೦೦ ಮಿಲಿಗ್ರಾಂ ಮಾತ್ರ. ದನಗಳಿಗಾಗಿ ತಯಾರಾದ ದ್ರವವನ್ನು ಅಂದಾಜಿನಿಂದ ಕುಡಿಸುವುದು ಸಲ್ಲದು. ತಳಿಯ ವ್ಯತ್ಯಾಸವೂ ಗಣನೀಯವಾದುದು. ಮುಧೋಳ ನಾಯಿಯಂತೆಯೇ ತೆಳುಮೈಯ, ವೇಗದ ಬೇಟೆನಾಯಿಯಾದ ಗ್ರೇಹೌಂಡಿನ ಯಕೃತ್ತು ಥಿಯೊಪೆಂಟಾಲ್ ಎಂಬ ಅರಿವಳಿಕೆಯನ್ನು ಇತರ ತಳಿಗಳಿಗಿಂತ ನಿಧಾನವಾಗಿ ವಿಘಟಿಸುತ್ತದೆ. ಒಂದು ತಳಿಗೆ ಹೊಂದಿದ ಔಷಧಪ್ರಮಾಣ ಇನ್ನೊಂದಕ್ಕೆ ಹೊಂದಲೇಬೇಕೆಂಬ ನಿಯಮವಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಒಮ್ಮೆಗೆ ಒಂದೇ ಹೊಸ ದ್ರವ್ಯವನ್ನು ಆರಂಭಿಸಬೇಕು. ಎರಡು ಮೂರನ್ನು ಕೂಡಿಸಿ ಕೊಟ್ಟರೆ ಗುಣವಾಗಲಿ ದೋಷವಾಗಲಿ ಯಾವುದರಿಂದ ಬಂದಿತೆಂದು ತಿಳಿಯದು. ಆರಂಭಿಸಿದ ಕೆಲವು ವಾರಗಳಲ್ಲಿ ರಕ್ತವನ್ನು ಮತ್ತೆ ಪರೀಕ್ಷಿಸಿ ಮುಂದುವರಿಸುವುದೋ ನಿಲ್ಲಿಸುವುದೋ ಎಂದು ವೈದ್ಯರೊಡನೆ ನಿರ್ಧರಿಸಬೇಕು. ವಾಂತಿ, ಕಪ್ಪು ಮಲ, ಹೊಟ್ಟೆಯುಬ್ಬರ, ಮಂಪರು, ಎಲ್ಲಿಂದಲಾದರೂ ರಕ್ತಸ್ರಾವ, ಇವುಗಳಲ್ಲಿ ಯಾವುದು ಕಂಡರೂ ಶೀಸೆಯನ್ನು ಬದಿಗಿಟ್ಟು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಊರಿನ ಪಶು ಆಸ್ಪತ್ರೆಯಲ್ಲಿ ಬೇಕಾದ ಪರೀಕ್ಷೆಗೆ ಅನುಕೂಲವಿರದಿದ್ದರೆ, ಹುಬ್ಬಳ್ಳಿ-ಧಾರವಾಡದವರಿಗೆ ಗದಗಿನ ಪಶುವೈದ್ಯಕೀಯ ಕಾಲೇಜು ದೂರವೇನೂ ಅಲ್ಲ.

ಅಧ್ಯಾಪಕರಿಗೆ ಒಂದು ಸೂಚನೆ. ಇಂಥ ಎರಡು ಮೂರು ಶೀಸೆಗಳ ಘಟಕಪಟ್ಟಿಗಳನ್ನು ತರಗತಿಗೆ ತಂದು, ಪ್ರತಿಯೊಂದು ಘಟಕವೂ ಯಕೃತ್ತಿನ ಯಾವ ರಾಸಾಯನಿಕ ಕ್ರಿಯೆಗೆ ಸಂಬಂಧಿಸಿದೆ, ಐದು ಕಿಲೋಗ್ರಾಂ ತೂಗುವ ನಾಯಿಗೆ ಅದರ ಪ್ರಮಾಣವೆಷ್ಟಾಗುತ್ತದೆ, ಯಾವ ರೋಗದಲ್ಲಿ ಅದನ್ನು ವರ್ಜಿಸಬೇಕು ಎಂದು ವಿದ್ಯಾರ್ಥಿಗಳಿಂದಲೇ ಬರೆಯಿಸಬಹುದು. ಪಠ್ಯದಲ್ಲಿ ಓದಿದ ಚಯಾಪಚಯ ಕ್ರಿಯೆಗಳ ಜ್ಞಾನ ಇದರಿಂದ ಗಟ್ಟಿಯಾಗುವುದಲ್ಲದೆ, ಅವರ ಮನೆಯ ನಾಯಿಗೂ ಅದರಿಂದ ಉಪಕಾರವಾದೀತು.