ಒಳಗೆ ತೆರೆಯುವ ಪುಟ ಹೊರಗೆ ತೆರೆಯದೇಕೆ?

ಪ್ರಯೋಗಾಲಯದ ತಾಪ, ತೇವಾಂಶಗಳನ್ನು ತೋರಿಸುವ ಒಂದು ವೆಬ್ ಅನ್ವಯವನ್ನು ನಿಮ್ಮ ವಿದ್ಯಾರ್ಥಿಗಳು ಸಿದ್ಧಪಡಿಸಿದ್ದಾರೆ ಎಂದುಕೊಳ್ಳಿ. ಕಾಲೇಜಿನ ಗಣಕದಲ್ಲಿ ಪುಟ ಸರಿಯಾಗಿ ತೆರೆಯುತ್ತದೆ. ಮನೆಯಿಂದ ನೋಡಿದರೆ ಏನೂ ಬರುವುದಿಲ್ಲ. ಇಂಥ ಸಂದರ್ಭದಲ್ಲಿ ಬಹಳ ಮಂದಿ ಮೊದಲು ಫೈರ್‌ವಾಲನ್ನೇ ನಿಲ್ಲಿಸಿಬಿಡುತ್ತಾರೆ. ಇದು ಫ್ಯೂಸ್ ಹೋದಾಗ ಅಲ್ಲಿಗೆ ದಪ್ಪ ತಂತಿ ಸುತ್ತಿದಂತೆ. ತೆರೆದ ಪೋರ್ಟುಗಳನ್ನು ಹುಡುಕುವ ಕ್ರಮವಿಧಿಗಳು ಅಂತರಜಾಲದಲ್ಲಿ ಹಗಲಿರುಳೂ ಅಲೆಯುತ್ತಿರುತ್ತವೆ. ಅದೇ ಗಣಕದಲ್ಲಿ ಆಂತರಿಕ ಅಂಕಗಳ ಕಡತವೂ ಇದ್ದರೆ ಅದೂ ಅಪಾಯಕ್ಕೆ ಸಿಲುಕುತ್ತದೆ.

ಅದರ ಬದಲು, ಬ್ರೌಸರ್ ತೋರಿಸುವ ದೋಷಸೂಚನೆಯನ್ನು ಗಮನವಿಟ್ಟು ಓದಿ. ಸಂಪರ್ಕ ನಿರಾಕರಿಸಲಾಗಿದೆ ಎಂದು ತಕ್ಷಣ ಬಂದಿತೆ? ಅಥವಾ ಬಹಳ ಹೊತ್ತು ಕಾದ ಬಳಿಕ ಸಮಯ ಮೀರಿತು ಎಂದಿತೆ? ಇವೆರಡೂ ಒಂದೇ ಅಲ್ಲ. ಸಂಪರ್ಕ ಬಯಸುವ ಗಣಕವು ಮೊದಲು 'ಸಿನ್' ಎಂಬ ಪುಟ್ಟ ಪ್ಯಾಕೆಟ್ ಕಳಿಸುತ್ತದೆ. ಅದು ತಲುಪಿದ ಗಣಕದ ಆ ಪೋರ್ಟಿನಲ್ಲಿ ಯಾವ ಕ್ರಮವಿಧಿಯೂ ಕಾಯುತ್ತಿಲ್ಲದಿದ್ದರೆ, ನಿರಾಕರಣೆಯ ಪ್ಯಾಕೆಟ್ ಕೂಡಲೇ ಹಿಂದಿರುಗುತ್ತದೆ. ಫೈರ್‌ವಾಲ್ ಹಾಗಲ್ಲ, ಸಾಮಾನ್ಯವಾಗಿ ಅದು ಪ್ಯಾಕೆಟ್ಟನ್ನು ಸದ್ದಿಲ್ಲದೆ ಎಸೆದುಬಿಡುತ್ತದೆ. ಕಳಿಸಿದ ಗಣಕ ಮತ್ತೆ ಮತ್ತೆ ಕಳಿಸಿ, ಕಾದು, ಕೈಬಿಡುತ್ತದೆ. ಸೋನಾರ್ ಅಲೆಗೆ ಪ್ರತಿಧ್ವನಿ ಬಂದುದಕ್ಕೂ ಬಾರದುದಕ್ಕೂ ಇರುವಷ್ಟೇ ವ್ಯತ್ಯಾಸ ಇಲ್ಲಿದೆ. (ಕೆಲವು ಫೈರ್‌ವಾಲುಗಳು ನಿರಾಕರಣೆಯನ್ನೂ ಕಳಿಸುತ್ತವೆ. ಉತ್ತರಿಸಿದ್ದು ನಿಮ್ಮ ಗಣಕವಲ್ಲದೆ ರೌಟರ್ ಕೂಡ ಆಗಿರಬಹುದು. ಆದ್ದರಿಂದ ಇದು ಸುಳಿವು ಮಾತ್ರ.)

ಪಿಂಗ್ ಮಾಡಿ ಉತ್ತರ ಬಂದರೆ ದಾರಿ ಸರಿಯಿದೆ ಎಂದು ನಂಬಬೇಡಿ. ಪಿಂಗ್‌ಗೆ ಪೋರ್ಟ್ ಎಂಬುದೇ ಇಲ್ಲ.

ಇನ್ನು ಒಳಗಿನಿಂದ ಹೊರಕ್ಕೆ ಒಂದೊಂದೇ ಹೆಜ್ಜೆ ಪರೀಕ್ಷಿಸಿ. ಅನ್ವಯ ಯಾವ ವಿಳಾಸದಲ್ಲಿ ಕಾಯುತ್ತಿದೆ? ಲಿನಕ್ಸ್‌ನಲ್ಲಿ 'ಎಸ್‌ಎಸ್', ವಿಂಡೋಸ್‌ನಲ್ಲಿ 'ನೆಟ್‌ಸ್ಟ್ಯಾಟ್' ಆಜ್ಞೆ ಇದನ್ನು ತೋರಿಸುತ್ತದೆ. ಅಲ್ಲಿ 127.0.0.1 ಎಂದಿದ್ದರೆ, ಫೈರ್‌ವಾಲಿನ ತಪ್ಪೇನೂ ಇಲ್ಲ. ಅದು ಗಣಕ ತನ್ನನ್ನೇ ಕರೆದುಕೊಳ್ಳುವ ವಿಳಾಸ. ಪಕ್ಕದ ಮೇಜಿನ ಗಣಕಕ್ಕೂ ಅದು ಸಿಗದು. ಪೈಥಾನ್ ಕಲಿಯುವ ವಿದ್ಯಾರ್ಥಿಗಳು ಬಳಸುವ ಫ್ಲಾಸ್ಕ್ ಮತ್ತು ಜ್ಯಾಂಗೊಗಳ ಅಭ್ಯಾಸದ ಸರ್ವರುಗಳು ಪೂರ್ವನಿಗದಿಯಂತೆ ಇಲ್ಲಿಯೇ, ಕ್ರಮವಾಗಿ 5000 ಮತ್ತು 8000ನೆಯ ಪೋರ್ಟುಗಳಲ್ಲಿ ಕಾಯುತ್ತವೆ. ವಿಳಾಸವನ್ನು 0.0.0.0 ಮಾಡಿದರೆ ಗಣಕದ ಎಲ್ಲ ಜಾಲಸಂಪರ್ಕಗಳಿಂದಲೂ ಕರೆ ಸ್ವೀಕರಿಸುತ್ತದೆ. ಆದರೆ ಈ ಸರ್ವರುಗಳು ಅಭ್ಯಾಸಕ್ಕಷ್ಟೇ. ಹೊರಜಗತ್ತಿಗೆ ತೆರೆಯುವಾಗ ಎಂಜಿನ್‌ಎಕ್ಸ್‌ನಂಥ ಸರ್ವರನ್ನು ಮುಂದಿಟ್ಟು 443ನೆಯ ಪೋರ್ಟನ್ನು ಬಳಸುವುದು ಸರಿಯಾದ ಕ್ರಮ.

ಬಳಿಕ ಪಕ್ಕದ ಗಣಕದಿಂದ ಪ್ರಯತ್ನಿಸಿ. ಅಲ್ಲಿಯೂ ತೆರೆಯದಿದ್ದರೆ ಸರ್ವರಿನ ಸ್ವಂತ ಫೈರ್‌ವಾಲಿನಲ್ಲಿ ಆ ಒಂದು ಪೋರ್ಟಿಗೆ ಮಾತ್ರ ಅನುಮತಿ ಕೊಡಿ. ಪೋರ್ಟ್ ಸಂಖ್ಯೆಗೆ 16 ಬಿಟ್‌ಗಳಿರುವುದರಿಂದ ಒಟ್ಟು 65,536 ಪೋರ್ಟುಗಳಿವೆ. ನಮಗೆ ಬೇಕಾದದ್ದು ಒಂದು.

ಪಕ್ಕದಲ್ಲಿ ತೆರೆದು ಹೊರಗೆ ತೆರೆಯದಿದ್ದರೆ ಸಮಸ್ಯೆ ರೌಟರಿನದು, ಇಲ್ಲವೆ ಅದರಾಚೆಯದು. 192.168 ಅಥವಾ 10ರಿಂದ ಆರಂಭವಾಗುವ ವಿಳಾಸಗಳು ಖಾಸಗಿ. ಹೊರಗಿನವರಿಗೆ ಅವು ಕಾಣುವುದಿಲ್ಲ. ಹೊರಗಿನಿಂದ ಬಂದ ಕರೆಯನ್ನು ಒಳಗಿನ ಯಾವ ಗಣಕಕ್ಕೆ ದಾಟಿಸಬೇಕೆಂಬ ನಿಯಮವನ್ನು ರೌಟರಿನಲ್ಲಿ ಬರೆಯಬೇಕು. ಕಾಲೇಜಿನಲ್ಲಾದರೆ ಇದು ಜಾಲನಿರ್ವಾಹಕರ ಕೆಲಸ; ಅವರನ್ನು ಕೇಳಿಯೇ ಮಾಡಿಸಿ. ಪರೀಕ್ಷಿಸುವಾಗ ಕಾಲೇಜಿನ ವೈಫೈ ಬಿಟ್ಟು ಮೊಬೈಲಿನ ಡೇಟಾ ಬಳಸಿ. ಒಳಗಿದ್ದುಕೊಂಡೇ ಹೊರಗಿನ ವಿಳಾಸವನ್ನು ಕರೆದರೆ ಅನೇಕ ರೌಟರುಗಳು ಅದನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ಸರಿಯಾದ ವ್ಯವಸ್ಥೆಯೂ ಆಗ ಕೆಟ್ಟಂತೆ ಕಾಣುತ್ತದೆ!

ಇಷ್ಟಾದರೂ ಬಾರದಿದ್ದರೆ ಸರ್ವರಿನಲ್ಲಿ 'ಟಿಸಿಪಿಡಂಪ್' ಓಡಿಸಿ, ಹೊರಗಿನಿಂದ ಕರೆ ಮಾಡಿ. ಸಿನ್ ಕಾಣಿಸಿದರೆ ದೋಷ ಈ ಗಣಕದಲ್ಲಿದೆ, ಅಥವಾ ಅದರ ಉತ್ತರ ಮರಳುವ ಹಾದಿಯಲ್ಲಿದೆ. ಕಾಣಿಸದಿದ್ದರೆ ಕರೆ ಇಲ್ಲಿಯವರೆಗೆ ಬಂದೇ ಇಲ್ಲ. ಆಗ ರೌಟರಿನ ಹೊರಮುಖದ ವಿಳಾಸ ನೋಡಿ. ಅದು 100.64ರಿಂದ 100.127ರವರೆಗಿನ ಶ್ರೇಣಿಯಲ್ಲಿದ್ದರೆ, ಸೇವಾದಾರರೇ ಒಂದು ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿದ್ದಾರೆ ಎಂದರ್ಥ. ಈ ಶ್ರೇಣಿಯನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಡಲಾಯಿತು. ನಿಮ್ಮ ರೌಟರಿನಲ್ಲಿ ಎಷ್ಟು ನಿಯಮ ಬರೆದರೂ ಅಲ್ಲಿ ಪ್ರಯೋಜನವಿಲ್ಲ. ಸೇವಾದಾರರಿಂದ ಸ್ಥಿರ ಸಾರ್ವಜನಿಕ ವಿಳಾಸವನ್ನು ಪಡೆಯಬೇಕು, ಇಲ್ಲವೆ ಹೊರಗಿನ ಬಾಡಿಗೆ ಸರ್ವರೊಂದಕ್ಕೆ ಒಳಗಿನಿಂದಲೇ ಸಂಪರ್ಕ ಹೂಡಿ ಅದರ ಮೂಲಕ ಪುಟವನ್ನು ತೋರಿಸಬೇಕು.