ಬನಶಂಕರಿ ಜಾತ್ರೆಯ ‘ಒನ್ಸ್ ಮೋರ್’: ಹಳೆಯ ನಾಟಕಗಳ ವಾದವೂ ವ್ಯಾಪಾರವೂ

ಬಾದಾಮಿ ಸಮೀಪದ ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಯ ರಥೋತ್ಸವದೊಂದಿಗೆ ಕಳೆಗಟ್ಟುವ ಬನಶಂಕರಿ ದೇವಿಯ ಜಾತ್ರೆ ಉತ್ತರ ಕರ್ನಾಟಕದ ವರ್ತಕರಿಗೆ ಚಿರಪರಿಚಿತ. ಮನೆ ಕಟ್ಟುವವರು ಬಾಗಿಲು ಚೌಕಟ್ಟಿಗಾಗಿ ಈ ಜಾತ್ರೆಯನ್ನೇ ಕಾಯುತ್ತಾರೆ. ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಬಳೆ, ಪಾತ್ರೆಗಳ ಸಾಲು ಅಂಗಡಿಗಳು ವಾರಗಟ್ಟಲೆ ನಡೆಯುತ್ತವೆ. ಅದೇ ಬಯಲಿನಲ್ಲಿ ತಗಡಿನ ಗೋಡೆ, ತಾಡಪತ್ರಿಯ ಮಾಡಿನ ರಂಗಮಂದಿರಗಳನ್ನು ಎಬ್ಬಿಸಿ ಒಂದರ ಪಕ್ಕ ಒಂದರಂತೆ ಬೀಡುಬಿಡುವ ನಾಟಕ ಕಂಪನಿಗಳೂ ವ್ಯಾಪಾರಸ್ಥರೇ. ಅವರ ಸರಕು ಮಾತ್ರ ಬೇರೆ, ಅದೂ ಬಹುಪಾಲು ಹಳೆಯದು.

ಈ ಹಳೆಯ ಸರಕಿನ ವಿಷಯವಾಗಿ ನಾಟಕಪ್ರಿಯರಲ್ಲಿ ಎರಡು ಪಂಗಡಗಳಿವೆ. ಅಜ್ಜ ನೋಡಿದ ನಾಟಕವನ್ನೇ ಮೊಮ್ಮಗನಿಗೂ ತೋರಿಸುವುದು ಕಲೆಯಲ್ಲ, ಹಳೆಯ ಹೆಸರನ್ನು ಹಿಂಡುವ ಕಸುಬು ಎಂಬುದು ಒಂದು ಪಕ್ಷ. ಹಾಡನ್ನು ‘ಒನ್ಸ್ ಮೋರ್’ ಎಂದು ಮತ್ತೆ ಹಾಡಿಸಿಕೊಂಡ ಜನ ನಾಟಕವನ್ನೂ ಹಾಗೆಯೇ ಕೇಳಿದರೆ ತಪ್ಪೇನು ಎಂಬುದು ಇನ್ನೊಂದು. ಇಳಕಲ್ಲಿನ ಸೀರೆ ಅಂಗಡಿಯ ಗಾದಿಯ ಮೇಲಾಗಲಿ, ಬಾಗಲಕೋಟೆಯ ದಲಾಲಿ ಅಂಗಡಿಯಲ್ಲಾಗಲಿ ಜಾತ್ರೆಯ ದಿನಗಳಲ್ಲಿ ಈ ವಾದ ಏಳದೆ ಇರುವುದಿಲ್ಲ. ವಾದಿಸುವವರಲ್ಲಿ ಹೆಚ್ಚಿನವರು ಎರಡೂ ಬಗೆಯ ನಾಟಕಕ್ಕೆ ಟಿಕೆಟ್ ಕೊಂಡವರೇ ಎಂಬುದು ಬೇರೆ ಮಾತು.

ಹಳೆಯ ನಾಟಕಗಳ ತವರು ಇಲ್ಲಿಯೇ ಇರುವುದರಿಂದ ಈ ವಾದಕ್ಕೆ ಅಭಿಮಾನದ ಬಿಸಿಯೂ ಸೇರಿದೆ. ‘ರಕ್ತರಾತ್ರಿ’ಯ ಕರ್ತೃ ಕಂದಗಲ್ಲ ಹನುಮಂತರಾಯರೂ, ‘ಸಂಪತ್ತಿಗೆ ಸವಾಲ್’ ಬರೆದ ಸೂಳೇಬಾವಿಯ ಪಿ.ಬಿ. ಧುತ್ತರಗಿಯವರೂ ಹುನಗುಂದ ಸೀಮೆಯವರು. ಮಹಾಭಾರತದ ಕಥೆಯ ‘ರಕ್ತರಾತ್ರಿ’ಯನ್ನು ಹಳ್ಳಿಯ ಹವ್ಯಾಸಿಗಳು ಇಂದಿಗೂ ಸಾಲ ಮಾಡಿಯಾದರೂ ಆಡುತ್ತಾರೆ, ಶಕುನಿಯ ಪಾತ್ರಕ್ಕೆ ಪೈಪೋಟಿ ತಪ್ಪಿದ್ದಲ್ಲ. ‘ಸಂಪತ್ತಿಗೆ ಸವಾಲ್’ 1974ರಲ್ಲಿ ಡಾ. ರಾಜಕುಮಾರ್ ಅಭಿನಯದ ಚಲನಚಿತ್ರವಾಗಿ ನಾಡೆಲ್ಲ ಮನೆಮಾತಾಯಿತು. ಗುಬ್ಬಿ ಕಂಪನಿಯ ರಂಗದಿಂದಲೇ ಬಂದ ನಟನ ಕೈಗೆ ವೃತ್ತಿ ರಂಗಭೂಮಿಯ ಕಥೆಯೇ ಸಿಕ್ಕಿತ್ತು.

ಭಾವನೆಯನ್ನು ಬದಿಗಿಟ್ಟು ಲೆಕ್ಕದ ಪುಸ್ತಕವನ್ನು ತೆರೆದರೆ ಮಾಲೀಕನ ಒಲವು ಅರ್ಥವಾಗುತ್ತದೆ. ಹೊಸ ನಾಟಕವೆಂದರೆ ಕವಿಗೆ ಸಂಭಾವನೆ, ಹೊಸ ಪರದೆ, ಹೊಸ ಪೋಷಾಕು. ಮೇಲಾಗಿ ತಾಲೀಮಿನ ದಿನಗಳಲ್ಲಿ ಗಲ್ಲಾ ಪೆಟ್ಟಿಗೆ ಬರಿದಾಗಿದ್ದರೂ ಕಲಾವಿದರ ಊಟ, ಪಗಾರ ನಿಲ್ಲುವಂತಿಲ್ಲ. ಹಳೆಯ ನಾಟಕಕ್ಕೆ ಈ ವೆಚ್ಚವೆಲ್ಲ ಎಂದೋ ಮುಟ್ಟಿಹೋಗಿದೆ. ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುವ ನಟರಿಗೆ ಮಾತುಗಳು ಬಾಯಿಪಾಠ. ಒಬ್ಬ ಕೈಕೊಟ್ಟರೆ ಮರುದಿನವೇ ಬದಲಿ ಸಿಗುತ್ತಾನೆ. ಪ್ರಚಾರಕ್ಕೆ ನಾಟಕದ ಹೆಸರೊಂದೇ ಸಾಕು. ಇತ್ತ ಜಾತ್ರೆಯ ಪ್ರೇಕ್ಷಕ ವರ್ಷಕ್ಕೊಮ್ಮೆ ಕುಟುಂಬಸಮೇತ ಬರುವವನು. ದೇವಿಯ ದರ್ಶನ ಮುಗಿಸಿ, ಚಳಿಯ ರಾತ್ರಿಯನ್ನು ಕಳೆಯಲು ಒಂದು ಆಟಕ್ಕೆ ಟಿಕೆಟ್ ತೆಗೆಯುತ್ತಾನೆ. ಹೆಸರು ಕೇಳದ ನಾಟಕದ ಮೇಲೆ ಅವನು ಆ ಒಂದು ರಾತ್ರಿಯನ್ನು ಪಣಕ್ಕಿಡುವುದಿಲ್ಲ.

ಆದರೆ ಜಾತ್ರೆಯ ಗಿರಾಕಿ ಬೇರೆ, ಊರಿನ ಗಿರಾಕಿ ಬೇರೆ. ಇಳಕಲ್ಲಿನಲ್ಲಿಯೋ ಹುನಗುಂದದಲ್ಲಿಯೋ ಕಂಪನಿಯೊಂದು ತಿಂಗಳುಗಟ್ಟಲೆ ಕ್ಯಾಂಪ್ ಹಾಕಿದರೆ ಅದೇ ಊರಿನವರೇ ಮತ್ತೆ ಮತ್ತೆ ಬರಬೇಕು. ಕಂಡ ನಾಟಕದ ಕಲೆಕ್ಷನ್ ಬಲುಬೇಗ ಇಳಿಯುತ್ತದೆ, ಹೊಸದನ್ನು ಕೊಡಲೇಬೇಕು. ಕಂಪನಿಯ ಕವಿ ನಟರ ಜೊತೆಗಿದ್ದು, ಯಾರ ಕಂಠಕ್ಕೆ ಯಾವ ಹಾಡು, ಯಾವ ಮಾತಿಗೆ ಚಪ್ಪಾಳೆ ಎಂಬುದನ್ನು ಕಣ್ಣಾರೆ ಕಂಡು ತಿದ್ದುತ್ತಿದ್ದುದು ಇಂಥ ಕ್ಯಾಂಪುಗಳಲ್ಲಿಯೇ. ಕ್ಯಾಂಪಿನಲ್ಲಿ ಗೆದ್ದದ್ದು ಜಾತ್ರೆಗೆ ಬರುತ್ತಿತ್ತು. ಅಂದರೆ ಜಾತ್ರೆ ಮಾರಾಟದ ಸ್ಥಳ, ಕ್ಯಾಂಪು ತಯಾರಿಕೆಯ ಕಾರ್ಖಾನೆ. ಚಿತ್ರಮಂದಿರ, ಬಳಿಕ ಮನೆಮನೆಯ ದೂರದರ್ಶನ, ಈಗ ಅಂಗೈಯ ಮೊಬೈಲು ಊರಿನ ಗಿರಾಕಿಯನ್ನು ಸೆಳೆದುಕೊಂಡಂತೆ ಕ್ಯಾಂಪುಗಳು ಸೊರಗಿದವು. ಕಾರ್ಖಾನೆ ನಿಂತರೂ ಅಂಗಡಿ ನಡೆಯುತ್ತಿದೆ; ದಾಸ್ತಾನು ಮಾತ್ರ ಹಳೆಯದು. ಹಳೆಯದೋ ಹೊಸದೋ ಎಂದು ಕಾದಾಡುವ ರಸಿಕರ ಗಮನಕ್ಕೆ ಬಾರದ ಸಂಗತಿ ಇದು.

ಹಳೆಯದನ್ನು ಆಡುವ ರೀತಿಯಲ್ಲಿಯೂ ದೋಷವಿದೆ. ರಂಗಗೀತೆಗಳನ್ನು ಕತ್ತರಿಸಿ, ಆ ಜಾಗದಲ್ಲಿ ಸಿನೆಮಾ ಹಾಡಿನ ಕುಣಿತವನ್ನೂ ದ್ವಂದ್ವಾರ್ಥದ ಹಾಸ್ಯವನ್ನೂ ತುರುಕಿ ಹಳೆಯ ಹೆಸರಿನಲ್ಲಿಯೇ ಮಾರುವುದು ಕಲಬೆರಕೆಯಲ್ಲದೆ ಬೇರೆಯಲ್ಲ. ಹೆಂಗಸರು ಮಕ್ಕಳೊಂದಿಗೆ ಬಂದವರು ನಡುವೆಯೇ ಎದ್ದುಹೋದರೆ ಆ ಗಿರಾಕಿ ಮರುವರ್ಷಕ್ಕೂ ನಷ್ಟ. ಗದುಗಿನ ಪಂ. ಪುಟ್ಟರಾಜ ಗವಾಯಿಗಳ ಆಶ್ರಯದ ನಾಟ್ಯ ಸಂಘ ‘ಹೇಮರೆಡ್ಡಿ ಮಲ್ಲಮ್ಮ’ನಂಥ ನಾಟಕದಿಂದಲೇ ಹೆಸರು ಗಳಿಸಿತೆಂಬುದನ್ನು ಇಲ್ಲಿ ನೆನೆಯಬೇಕು.

ಇಳಕಲ್ಲ ನೇಕಾರನ ವ್ಯವಹಾರ ಇದಕ್ಕೆ ಹತ್ತಿರದ್ದು. ತೋಪುತೆನಿಯ ಸೆರಗನ್ನು ಅವನು ಬಿಟ್ಟುಕೊಟ್ಟಿಲ್ಲ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುವ ಪದ್ಧತಿಯನ್ನೂ ಬಿಟ್ಟಿಲ್ಲ. ಒಡಲಿನ ನೂಲು, ಬಣ್ಣಗಳಲ್ಲಿ ಮಾತ್ರ ಕಾಲಕ್ಕೆ ತಕ್ಕ ಬದಲಾವಣೆ ಮಾಡಿಕೊಂಡ.

ಈ ಸಮಸ್ಯೆ ನಮ್ಮ ಸೀಮೆಗಷ್ಟೇ ಸೀಮಿತವಲ್ಲ. ಇಂಗ್ಲೆಂಡಿನ ರಾಕ್ ಸಂಗೀತ ತಂಡ ‘ರೋಲಿಂಗ್ ಸ್ಟೋನ್ಸ್’ ಹುಟ್ಟಿದ್ದು 1962ರಲ್ಲಿ. 80 ದಾಟಿದ ಗಾಯಕ ಮಿಕ್ ಜಾಗರ್ 2024ರಲ್ಲಿ ತಂಡದೊಡನೆ ಅಮೆರಿಕದಲ್ಲಿ ಸಂಚಾರ ಕೈಗೊಂಡಾಗ ಪ್ರಾಯೋಜಕತ್ವ ವಹಿಸಿದ್ದು ಅಲ್ಲಿಯ ಹಿರಿಯ ನಾಗರಿಕರ ಸಂಸ್ಥೆ! ಆದರೂ ಆ ತಂಡ 2023ರಲ್ಲಿ ಹೊಸ ಹಾಡುಗಳ ಸಂಪುಟವನ್ನು ತಂದು, ಹಳೆಯ ಹಾಡುಗಳ ನಡುವೆ ಅವನ್ನೂ ಕೇಳಿಸಿತು. ಹಳೆಯದಕ್ಕೆ ಬಂದ ಗಿರಾಕಿಗೆ ಹೊಸದರ ಮಾದರಿಯನ್ನು ತೋರಿಸುವ ಈ ಕ್ರಮ ಯಾವ ಅಂಗಡಿಕಾರನಿಗೂ ಹೊಸದಲ್ಲ.

ಬಾದಾಮಿ, ಬಾಗಲಕೋಟೆ, ಇಳಕಲ್ಲಿನ ವರ್ತಕರು ಮನಸ್ಸು ಮಾಡಿದರೆ ಇಲ್ಲಿಯೂ ಇದು ಸಾಧ್ಯ. ಪರದೆಯ ಮೇಲಿನ ಜಾಹೀರಾತಿಗೆ ಕೊಡುವ ಹಣದ ಒಂದು ಪಾಲಿನಿಂದ ಹೊಸ ನಾಟಕವೊಂದರ ಮೊದಲ ಎರಡು ಮೂರು ಆಟಗಳನ್ನು ಒಟ್ಟಾಗಿ ಗುತ್ತಿಗೆ ಹಿಡಿದು, ಟಿಕೆಟ್‌ಗಳನ್ನು ತಮ್ಮ ಗಿರಾಕಿಗಳಿಗೂ ನೌಕರರಿಗೂ ಹಂಚಬಹುದು. ಮಾಲೀಕನಿಗೆ ತಾಲೀಮಿನ ಖರ್ಚು ಹುಟ್ಟುತ್ತದೆ. ರಾತ್ರಿಯ ದೊಡ್ಡ ಆಟಕ್ಕೆ ಹಳೆಯ ನಾಟಕ ಇದ್ದೇ ಇರುತ್ತದೆ. ಹೊಸದು ಸೋತರೆ ಸೋಲು ಹಂಚಿಹೋಗುತ್ತದೆ, ಗೆದ್ದರೆ ಇಳಕಲ್ಲಿನಲ್ಲಿಯೂ ಹುನಗುಂದದಲ್ಲಿಯೂ ಮತ್ತೊಂದು ಕ್ಯಾಂಪಿಗೆ ಧೈರ್ಯ ಬರುತ್ತದೆ. ಪುಷ್ಯದ ಜಾತ್ರೆಗೆ ನಾಟಕ ಸಿದ್ಧವಾಗಬೇಕಾದರೆ ದೀಪಾವಳಿಯ ಲಕ್ಷ್ಮೀಪೂಜೆ ಮುಗಿದೊಡನೆ ಮುಂಗಡದ ಮಾತುಕತೆ ನಡೆದು ತಾಲೀಮು ಮೊದಲಾಗಬೇಕು.