ನೆಲೆ ಮತ್ತು ನೆಮ್ಮದಿ

ಕಾಳೀನದಿಯ ದಂಡೆಯ ಅರಣ್ಯವನ್ನು ಎರಡು ದಿನದ ಮಟ್ಟಿಗೆ ಕಂಡುಹೋಗುವ ಪ್ರವಾಸಿಗನು, ಇಂತಹ ಹಸುರಿನ ನಡುವೆ ಬಾಳುವವರಿಗೆ ಮನೋವ್ಯಥೆಯೆಂಬುದು ಎಲ್ಲಿಂದ ಬಂದೀತು ಎಂದುಕೊಳ್ಳುವುದು ಸಹಜ. ಹಸುರಿಗೆ ಮನಸ್ಸನ್ನು ತಣಿಸುವ ಶಕ್ತಿಯಿರುವುದೂ ಸುಳ್ಳಲ್ಲ. ಶಸ್ತ್ರಚಿಕಿತ್ಸೆಗೊಳಗಾದವರ ಪೈಕಿ ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆಯ ಗೋಡೆಯಷ್ಟೇ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದರೆಂದು ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿಯೇ ತೋರಿಸಿಕೊಟ್ಟರು. ಆದರೆ ನಿದ್ರೆಯ ವೇಳೆ, ದುಡಿಮೆಯ ರೀತಿ, ನೆರೆಹೊರೆ, ನಾಳೆಯೂ ಇಲ್ಲಿಯೇ ಇರುವೆನೆಂಬ ಭರವಸೆ ಇವೆಲ್ಲವೂ ಮನುಷ್ಯನ ಪರಿಸರವೇ ಆಗಿವೆ.

ದಾಂಡೇಲಿಯು 1950ರ ದಶಕದಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೊಡನೆ ಬೆಳೆದ ಊರು. ಹಗಲಿರುಳೂ ನಡೆಯುವ ಉದ್ಯಮದಲ್ಲಿ ರಾತ್ರಿಪಾಳಿ ಅನಿವಾರ್ಯ. ಪಾಳಿ ಮುಗಿಸಿ ಬಂದವನು ಕಿಟಕಿಗೆ ಕಂಬಳಿ ಕಟ್ಟಿ ಮಲಗುತ್ತಾನೆ. ಮನೆಯಾಕೆ ಕುಕ್ಕರಿನ ಸೀಟಿ ಕೂಗದಿರಲೆಂದು ತೆರೆದ ಪಾತ್ರೆಯಲ್ಲಿಯೇ ಅನ್ನ ಬೇಯಿಸಿ, ಮಕ್ಕಳನ್ನು ಪಕ್ಕದ ಮನೆಗೆ ಅಟ್ಟುತ್ತಾಳೆ. ಆದರೂ ನಿದ್ರೆ ತುಂಡುತುಂಡಾಗುತ್ತದೆ. ಕಣ್ಣಿಗೆ ಬೀಳುವ ಬೆಳಕನ್ನು ಅನುಸರಿಸಿ ನಡೆಯುವ ಮಿದುಳಿನ ಗಡಿಯಾರವು, ಪಾಳಿ ಬದಲಾದೊಡನೆ ತಾನೂ ಬದಲಾಗಲಾರದು. ಹೀಗೆ ಕೂಡುತ್ತ ಹೋದ ನಿದ್ರಾಭಂಗದಿಂದ ಸಿಡುಕು, ಮರೆವು, ಕೆಲವರಲ್ಲಿ ಖಿನ್ನತೆಯೂ ತಲೆದೋರುತ್ತವೆ. ಅವನನ್ನು ಸಿಡುಕನೆಂದು ಹಳಿಯುವ ಮೊದಲು ಎಷ್ಟು ಹೊತ್ತು ಮಲಗಿದ್ದನೆಂದು ಕೇಳುವುದು ಮನೆಯವರ ಧರ್ಮ.

ಜೋಯಿಡಾದ ಕಥೆ ಬೇರೆ. ಕಾಳಿಯೂ ಪಾಂಢರಿಯೂ ಕೂಡುವಲ್ಲಿದ್ದ ಸೂಪಾ ಪಟ್ಟಣವು, 101 ಮೀಟರ್ ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಅಲ್ಲಿದ್ದ ಅನೇಕರು ರಾಮನಗರದಲ್ಲಿ ನೆಲೆ ಕಾಣಬೇಕಾಯಿತು. ಪರಿಹಾರವು ಹೊಲ, ಮನೆಗಳನ್ನು ಅಳೆಯಬಲ್ಲುದು. ಜಗಲಿಯ ಮೇಲೆ ಕುಳಿತು ಕಷ್ಟಸುಖ ಕೇಳುತ್ತಿದ್ದವರು ಚದುರಿಹೋದುದನ್ನು ಅಳೆಯಲಾರದು.

ಇದಕ್ಕೆ ಎದುರಾಗಿ ಮುಂಡಗೋಡವನ್ನು ನೋಡಬೇಕು. 1966ರಲ್ಲಿ ಇಲ್ಲಿ ವಸತಿ ದೊರೆತ ಟಿಬೆಟನ್ನರು ದೇಶವನ್ನೇ ಕಳೆದುಕೊಂಡವರು. ಆದರೂ ಒಂದಾಗಿ ನೆಲೆಸಿ, ಗಾಂದೆನ್, ಡ್ರೆಪುಂಗ್ ಮಠಗಳನ್ನು ಮರಳಿ ಕಟ್ಟಿ, ಭಾಷೆಯನ್ನೂ ಉಪಾಸನೆಯನ್ನೂ ಉಳಿಸಿಕೊಂಡರು. ದುಃಖವು ಅಳಿಯಲಿಲ್ಲ; ಹಂಚಿಕೊಳ್ಳಲು ಜನರಿದ್ದರು. ಹಳಿಯಾಳದ ಕಾಡಂಚಿನ ಸಿದ್ದಿಯರ ಡಮಾಮಿ ಕುಣಿತದಲ್ಲಿಯೂ ಇದೇ ಬಗೆಯ ಆಸರೆ ನನಗೆ ಕಾಣುತ್ತದೆ.

ಆದರೆ ವ್ಯಾಧಿಯಾಗಿ ಬಲಿತ ಖಿನ್ನತೆಗೆ ನೆರೆಹೊರೆಯೊಂದೇ ಸಾಲದು, ಚಿಕಿತ್ಸೆ ಬೇಕು. ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು. 2022ರಿಂದ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯೂ ಇದೆ. ಆದರೆ ಮಳೆಗಾಲದಲ್ಲಿ ಜೋಯಿಡಾದ ಒಳಹಳ್ಳಿಯವನಿಗೆ ಧಾರವಾಡವೂ ದೂರ, ಮೊಬೈಲಿನ ಸಿಗ್ನಲ್ಲೂ ದುರ್ಲಭ. ಸಂತೆಯ ದಿನ ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ತಪ್ಪದೆ ದೊರೆಯುವಂತಾದರೆ, ಉಪ್ಪು ಮೆಣಸಿಗೆಂದು ಬಂದವನು ಯಾರ ಬಾಯಿಗೂ ಬೀಳದೆ ಅವರನ್ನೂ ಕಂಡುಹೋದಾನು.